ಚಕ್ಕುಬಂದಿಯ ಜಾಡು ಹಿಡಿದು ಒರೆಗಾನ್‌ನಿಂದ ಕ್ಯಾರೊಲೈನಾಕ್ಕೆ: ನನ್ನ ಅನುಭವ

ನನ್ನ ಸೊಸೆಯ ಮನೆತನದ ಹಿರಿಯರು 1852ರಲ್ಲಿ ಎತ್ತಿನ ಗಾಡಿಗಳಲ್ಲಿ ಒರೆಗಾನ್ ತಲುಪಿದವರು. ಅದಕ್ಕೆ ಮೊದಲು ಅವರು ಎಲ್ಲೆಲ್ಲಿ ನೆಲೆಸಿದ್ದರು, ಯಾವ ಕ್ರಮದಲ್ಲಿ ಪಶ್ಚಿಮಕ್ಕೆ ಸರಿಯುತ್ತ ಬಂದರು ಎಂಬುದಕ್ಕೆ ಈಗ ನನ್ನ ಬಳಿ ಪ್ರತಿ ಹಂತಕ್ಕೂ ದಾಖಲೆ ಇದೆ. ನಾರ್ತ್ ಕ್ಯಾರೊಲೈನಾದ ರೋವನ್ ಕೌಂಟಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ), ಕೆಂಟಕಿಯ ರಸೆಲ್ ಕ್ರೀಕ್, ಇಲಿನಾಯ್‌ನ ಸ್ಯಾಂಗಮನ್, ಐಯೊವಾದ ವ್ಯಾನ್ ಬ್ಯೂರನ್, ಕೊನೆಗೆ ಒರೆಗಾನ್‌ನ ಲಿನ್ ಕೌಂಟಿ, ಹೀಗೆ ಎರಡು ತಲೆಮಾರಿನಲ್ಲಿ ಐದು ನೆಲೆ. ಇದರಲ್ಲಿ ಒಂದು ಕೊಂಡಿಯನ್ನೂ ನಾನು ಬೇರೆಯವರ ವಂಶವೃಕ್ಷದಿಂದ ಎತ್ತಿಕೊಂಡಿಲ್ಲ. ಕುಟುಂಬದವರ ಇಚ್ಛೆಯಂತೆ ಅಡ್ಡಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದು ಅಮೆರಿಕದ ಪ್ರತಿ ಕೌಂಟಿಯಲ್ಲೂ ಹತ್ತಾರು ಮನೆಗಳಿಗಿರುವ ಹೆಸರು, ದಾಖಲೆಗಳಲ್ಲಿ ನಾಲ್ಕೈದು ಬಗೆಯ ಕಾಗುಣಿತದಲ್ಲಿ ಕಾಣಿಸುವ ಹೆಸರು ಎಂದಷ್ಟೇ ಹೇಳಿದರೆ ಕೆಲಸದ ಕಷ್ಟ ಬಲ್ಲವರಿಗೆ ಅರ್ಥವಾಗುತ್ತದೆ.

ನಾನು ಕರ್ನಾಟಕದ ಉಪನೋಂದಣಿ ಕಚೇರಿಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕ್ರಯಪತ್ರ, ವಿಭಾಗಪತ್ರ, ಹಕ್ಕುಬಿಡುಗಡೆ ಪತ್ರಗಳನ್ನು ಓದಿದವನು. ಹೆಸರು ಒಂದೇ ಆಗಿರುವ ಇಬ್ಬರನ್ನು ಬೇರ್ಪಡಿಸುವುದಕ್ಕೆ ಚಕ್ಕುಬಂದಿಗಿಂತ ಗಟ್ಟಿಯಾದ ಸಾಕ್ಷಿ ಇಲ್ಲ ಎಂಬುದು ಆ ಕೆಲಸ ಕಲಿಸಿದ ಪಾಠ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರದ್ದು ಎಂದು ಬರೆದಿಟ್ಟ ಮೇಲೆ ಮನುಷ್ಯ ತಪ್ಪಿಸಿಕೊಳ್ಳಲಾರ. ಇದನ್ನೇ ಅಮೆರಿಕದ ದಾಖಲೆಗಳ ಮೇಲೆ ಪ್ರಯೋಗಿಸುತ್ತೇನೆಂದಾಗ ವಂಶಮೂಲ ಹುಡುಕುವ ಈ ಹವ್ಯಾಸದ ಗೆಳೆಯರು ಯಾರೂ ಒಪ್ಪಲಿಲ್ಲ. ಜನಗಣತಿ ಮತ್ತು ಡಿಎನ್‌ಎ ಇರುವಾಗ ಹಳೆಯ ಕ್ರಯಪತ್ರಗಳ ಸಂಪುಟ ತಿರುವುವುದು ವ್ಯರ್ಥ ಶ್ರಮ ಎಂದರು. ಸೊಸೆಯ ಕಡೆಯ ಹಿರಿಯರೊಬ್ಬರು ತಮ್ಮ ಬಳಿಯಿದ್ದ ಅಚ್ಚಾದ ವಂಶಾವಳಿಯನ್ನು ಮುಂದಿಟ್ಟು, ಪೂರ್ವಿಕರು ವರ್ಜೀನಿಯಾದಿಂದ ಹೊರಟು 1843ರ ದೊಡ್ಡ ಗಾಡಿಸಾಲಿನಲ್ಲಿ ನೇರವಾಗಿ ಒರೆಗಾನ್‌ಗೆ ಬಂದದ್ದು ಆಗಲೇ ನಿರ್ಧಾರವಾಗಿದೆ, ಹೊಸದಾಗಿ ಹುಡುಕುವುದೇನಿದೆ ಎಂದು ಕೇಳಿದರು.

ಎಲ್ಲರೂ ಹೇಳಿದ ದಾರಿಗಳನ್ನೇ ನಾನು ಮೊದಲು ಹಿಡಿದು ನೋಡಿದೆ. ಚಂದಾ ಕಟ್ಟುವ ವಂಶಾವಳಿ ಜಾಲತಾಣಗಳಿಗೆ ವರ್ಷಕ್ಕೆ ಸುಮಾರು ಮುನ್ನೂರು ಡಾಲರ್ ಹೋಯಿತು. ಡಿಎನ್‌ಎ ಪರೀಕ್ಷೆಗೆ ನೂರರ ಹತ್ತಿರ. ಅದರಲ್ಲಿ ಇಪ್ಪತ್ತು ಸೆಂಟಿಮಾರ್ಗನ್ (ಇಬ್ಬರು ಹಂಚಿಕೊಂಡ ಡಿಎನ್‌ಎ ಅಳೆಯುವ ಮಾನ) ಆಸುಪಾಸಿನ ಹೊಂದಿಕೆಗಳು ರಾಶಿಯಾಗಿ ಬಂದವು. ಆದರೆ ಹಳೆಯ ಗುಂಪುಗಳಲ್ಲಿ ಒಂದೇ ಏಳೆಂಟು ಮನೆಗಳು ಮೂರು ತಲೆಮಾರು ಪರಸ್ಪರ ಹೆಣ್ಣು ಕೊಟ್ಟು ತಂದಿದ್ದುದರಿಂದ ಯಾವ ಹೊಂದಿಕೆ ಯಾವ ದಂಪತಿಯಿಂದ ಬಂದದ್ದೆಂದು ಬಿಡಿಸಲು ಸಾಧ್ಯವೇ ಆಗಲಿಲ್ಲ. ಇಲಿನಾಯ್‌ನಲ್ಲಿ ಹುಡುಕಲು ಗೊತ್ತುಮಾಡಿದ್ದ ವೃತ್ತಿಪರ ಸಂಶೋಧಕರೊಬ್ಬರು ಎಂಟುನೂರು ಡಾಲರ್‌ಗೆ ಹತ್ತಿರದ ಶುಲ್ಕ ಪಡೆದು, ಸ್ಯಾಂಗಮನ್ ಕೌಂಟಿಯ ಕೇಂದ್ರವಾದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಹೆಸರಿನವರ ಮಾರಾಟದ ಪತ್ರವೇ ಇಲ್ಲ ಎಂದು ಎರಡು ಪುಟದ ವರದಿ ಕಳುಹಿಸಿದರು. ಆ ವರದಿ ಏಕೆ ಬರಿದಾಗಿತ್ತು ಎಂಬುದು ಮುಂದೆ ತಿಳಿಯುತ್ತದೆ.

ಬೀಗ ಸಡಿಲವಾದದ್ದು ಒರೆಗಾನ್‌ನ ಡೊನೇಷನ್ ಭೂಮಿ ಕಡತದಿಂದ. ಒರೆಗಾನ್‌ನಲ್ಲಿ ನೆಲೆಸಿದವರಿಗೆ ಉಚಿತವಾಗಿ ಜಮೀನು ಕೊಟ್ಟ 1850ರ ಕಾನೂನಿನಡಿ ಅರ್ಜಿ ಹಾಕಿದವರ ಕಡತ ಅಮೆರಿಕ ಸರ್ಕಾರದ ದಾಖಲೆ ಭಂಡಾರವಾದ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ಪ್ರತಿಗೆ ಐವತ್ತು ಡಾಲರ್ ಆಸುಪಾಸು. ನನ್ನ ಇಡೀ ಖರ್ಚಿನಲ್ಲಿ ಇಷ್ಟು ಬೆಲೆಬಾಳಿದ ಐವತ್ತು ಡಾಲರ್ ಇನ್ನೊಂದಿಲ್ಲ. ಒರೆಗಾನ್ ತಲುಪಿದ್ದು 1852ರ ಸೆಪ್ಟೆಂಬರ್, ಜಮೀನಿನ ಮೇಲೆ ಕುಳಿತದ್ದು 1853ರ ಆರಂಭ, ಜನನ ಕೆಂಟಕಿ, ಮದುವೆ 1835ರಲ್ಲಿ ಇಲಿನಾಯ್‌ನ ಸ್ಯಾಂಗಮನ್ ಕೌಂಟಿಯಲ್ಲಿ ಎಂದು ನಮ್ಮ ಕುಟುಂಬದ ಯಜಮಾನರೇ ಸ್ವತಃ ಪ್ರಮಾಣ ಮಾಡಿ ಬರೆಸಿದ್ದರು. 1850ರ ಡಿಸೆಂಬರ್ ನಂತರ ಬಂದ ದಂಪತಿಗೆ ಸಿಗುತ್ತಿದ್ದದ್ದು 320 ಎಕರೆ, ಅದರಲ್ಲಿ ಅರ್ಧ ಹೆಂಡತಿಯ ಸ್ವಂತ ಹೆಸರಿಗೆ. ಇವರಿಗೆ ಮಂಜೂರಾದದ್ದೂ ಅಷ್ಟೇ. 1843ರಲ್ಲೇ ಬಂದಿದ್ದರೆ ಸಿಗುತ್ತಿದ್ದ 640 ಎಕರೆ ಕೇಳದೆ ಬಿಡುವ ರೈತ ಯಾರಿದ್ದಾನೆ? ಈ ಒಂದು ಲೆಕ್ಕಕ್ಕೆ ಅಚ್ಚಾದ ವಂಶಾವಳಿಯ ಮೊದಲ ಪುಟ ಬಿದ್ದುಹೋಯಿತು. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಲಿನ್ ಕೌಂಟಿಯಿರುವ ವಿಲ್ಲಾಮೆಟ್ ಕಣಿವೆಯ ಮೂಲ ಜನರಾದ ಕಲಪುಯಾಗಳೊಡನೆ ಒಪ್ಪಂದವಾದದ್ದು 1855ರಲ್ಲಿ, ಅವರನ್ನು ಗ್ರ್ಯಾಂಡ್ ರೋಂಡ್ ಮೀಸಲು ಪ್ರದೇಶಕ್ಕೆ ಸಾಗಿಸಿದ್ದು 1856ರಲ್ಲಿ. ಅಂದರೆ ಈ ಕಡತದ ಭೂಮಿಯನ್ನು ಸರ್ಕಾರ ಹಂಚಲು ಹೊರಟಾಗ ಅದು ಇನ್ನೂ ಸರ್ಕಾರಕ್ಕೆ ಸೇರಿಯೇ ಇರಲಿಲ್ಲ. ಭೂದಾಖಲೆಯ ಕೆಲಸ ಮಾಡಿದವನಾಗಿ ಇದನ್ನು ಕುಟುಂಬದ ಚರಿತ್ರೆಯಲ್ಲಿ ಬರೆಯಲೇಬೇಕೆಂದು ಹಟ ಹಿಡಿದೆ, ಬರೆದೆ.

ಆ ಕಡತದಲ್ಲಿ ನನಗೆ ದಿನಾಂಕಗಳಿಗಿಂತ ಮುಖ್ಯವಾಗಿ ಕಂಡದ್ದು ವಾಸ ಮತ್ತು ಸಾಗುವಳಿಗೆ ಸಾಕ್ಷಿ ಹಾಕಿದ ಇಬ್ಬರು ನೆರೆಯವರು. 1850ರ ಜನಗಣತಿಯಲ್ಲಿ ಅವರಿಬ್ಬರನ್ನೂ ಹುಡುಕಿದಾಗ ಇಬ್ಬರೂ ಐಯೊವಾದ ವ್ಯಾನ್ ಬ್ಯೂರನ್ ಕೌಂಟಿಯಲ್ಲಿ, ಡೆಮೊಯ್ನ್ ನದಿಯ ಪಕ್ಕದ ಒಂದೇ ಟೌನ್‌ಶಿಪ್‌ನಲ್ಲಿ (ಕೌಂಟಿಯ ಉಪವಿಭಾಗ) ಸಿಕ್ಕರು. ಅವರಿಂದ ಐದಾರು ಮನೆಯಾಚೆ ನಮ್ಮ ಕುಟುಂಬ, ಹೆಸರಿನ ಕಾಗುಣಿತ ಗುರುತೇ ಸಿಗದಷ್ಟು ಕೆಟ್ಟು, ಕುಳಿತಿತ್ತು. ಹೆಸರು ಟೈಪಿಸಿ ಹುಡುಕಿದವರಿಗೆ ಇದು ವರ್ಷಗಟ್ಟಲೆ ಸಿಗದಿದ್ದದ್ದು ಅದಕ್ಕೇ. ಇಲ್ಲಿ ಒಂದು ಉಪಪ್ರಯೋಗ ಮಾಡಿದೆ. ಆ ಟೌನ್‌ಶಿಪ್‌ನ ಸುಮಾರು ನಲವತ್ತು ಮನೆಗಳನ್ನು ಪಟ್ಟಿ ಮಾಡಿ, ಅವರಲ್ಲಿ ಎಷ್ಟು ಜನ 1860ರ ಲಿನ್ ಕೌಂಟಿಯಲ್ಲಿದ್ದಾರೆಂದು ನೋಡಿದೆ. ಹತ್ತು ಹನ್ನೊಂದು ಮನೆಗಳು ಸಿಕ್ಕವು. ಗಾಡಿಸಾಲಿನ ಹೆಸರಿನ ಪಟ್ಟಿ ಎಲ್ಲೂ ಉಳಿದಿಲ್ಲದಿದ್ದರೂ ಒಟ್ಟಿಗೆ ಹೊರಟವರು ಯಾರೆಂಬುದು ಇದರಿಂದ ಬಹುಮಟ್ಟಿಗೆ ಸ್ಪಷ್ಟವಾಯಿತು. ಐಯೊವಾದಲ್ಲೇ ಉಳಿದ ತಮ್ಮನ ಮನೆಯನ್ನು 1856ರ ರಾಜ್ಯ ಜನಗಣತಿ ತೋರಿಸಿತು. ಅದರಲ್ಲಿ ರಾಜ್ಯಕ್ಕೆ ಬಂದು ಎಷ್ಟು ವರ್ಷವಾಯಿತೆಂಬ ಅಂಕಣವಿದ್ದು, ಹನ್ನೆರಡು ಎಂದು ಬರೆದಿತ್ತು. ಹಾಗಾದರೆ ಇಲಿನಾಯ್ ಬಿಟ್ಟದ್ದು 1844ರ ಸುಮಾರಿಗೆ.

ಇಲಿನಾಯ್ ಹಂತದಲ್ಲಿ ಅತ್ಯಂತ ಹೆಚ್ಚು ಕಾಲ ನಿಂತುಹೋದೆ. 1840ರ ಜನಗಣತಿಯಲ್ಲಿ ಮನೆಯ ಯಜಮಾನನ ಹೆಸರಷ್ಟೇ ಇರುತ್ತದೆ, ಉಳಿದವರು ವಯಸ್ಸಿನ ಕಲಂಗಳಲ್ಲಿ ಬರಿಯ ಅಂಕೆಗಳು. ಆ ಪ್ರದೇಶದಲ್ಲಿ ಒಂದೇ ಹೆಸರಿನ ಮೂವರು ಯಜಮಾನರು, ಮೂವರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಸರ್ಕಾರದಿಂದ ಜಮೀನು ಕೊಂಡವರ ಪಟ್ಟಿಯಲ್ಲಿ ಮೂವರಲ್ಲಿ ಒಬ್ಬರು 1836ರಲ್ಲಿ ಸ್ಪ್ರಿಂಗ್‌ಫೀಲ್ಡ್ ಭೂಕಚೇರಿಯಲ್ಲಿ ಎಕರೆಗೆ ಒಂದೂಕಾಲು ಡಾಲರ್‌ನಂತೆ ಐವತ್ತು ಡಾಲರ್ ಕಟ್ಟಿ ನಲವತ್ತು ಎಕರೆ ಪಡೆದಿದ್ದರು. ನಮ್ಮವರು ಇವರೇ ಎನ್ನಬೇಕಾದರೆ ಆ ನಲವತ್ತು ಎಕರೆ ಮುಂದೆ ಯಾರ ಕೈಯಿಂದ ಯಾರಿಗೆ ಹೋಯಿತೆಂದು ತೋರಿಸಬೇಕು. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಆ ಮಾರಾಟವಿಲ್ಲ. ನಾನು ಹೆಸರನ್ನು ಬದಿಗಿಟ್ಟು, ಸರ್ಕಾರಿ ಸರ್ವೆಯ ಚೌಕಗಳನ್ನು ಗುರುತಿಸುವ ಸೆಕ್ಷನ್, ಟೌನ್‌ಶಿಪ್, ರೇಂಜ್ ಅಂಕಿಗಳನ್ನು ಇಂದಿನ ನಕ್ಷೆಯ ಮೇಲೆ ಇಟ್ಟು ನೋಡಿದೆ. ತುಂಡು ಬಿದ್ದದ್ದು ಮೆನಾರ್ಡ್ ಕೌಂಟಿಯೊಳಗೆ. 1839ರಲ್ಲಿ ಸ್ಯಾಂಗಮನ್‌ನಿಂದ ಮೆನಾರ್ಡ್ ಬೇರೆಯಾಗಿತ್ತು. ಆದ್ದರಿಂದ ಆ ಬಳಿಕದ ಪತ್ರ ನೋಂದಣಿಯಾಗಿದ್ದು ಮೆನಾರ್ಡ್‌ನ ಕೇಂದ್ರವಾದ ಪೀಟರ್ಸ್‌ಬರ್ಗ್‌ನಲ್ಲಿ. ನಮ್ಮಲ್ಲಿ ತಾಲ್ಲೂಕು ಒಡೆದಾಗ ಹಳೆಯ ಸಂಪುಟ ಹಳೆಯ ಕಚೇರಿಯಲ್ಲೇ ಉಳಿದು ಹೊಸ ನೋಂದಣಿ ಹೊಸ ಕಚೇರಿಗೆ ಹೋಗುವುದನ್ನು ಕಂಡವನಿಗೆ ಇದು ತಟ್ಟನೆ ಹೊಳೆಯುತ್ತದೆ. ಎಂಟುನೂರು ಡಾಲರ್ ಪಡೆದವರಿಗೆ ಹೊಳೆದಿರಲಿಲ್ಲ.

ಪೀಟರ್ಸ್‌ಬರ್ಗ್‌ನ ಸಂಪುಟದಲ್ಲಿ 1845ರ ಕ್ರಯಪತ್ರ ಸಿಕ್ಕಿತು. ಮಾರಿದವರು ‘ಐಯೊವಾ ಟೆರಿಟರಿಯ ವ್ಯಾನ್ ಬ್ಯೂರನ್ ಕೌಂಟಿಯ ನಿವಾಸಿಗಳು’ ಎಂದು ಅದೇ ಹೇಳುತ್ತದೆ. ಗಂಡನಿಲ್ಲದೆ ಪ್ರತ್ಯೇಕವಾಗಿ ವಿಚಾರಿಸಿ, ತನ್ನ ಹಕ್ಕನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದಾಳೆಂದು ಐಯೊವಾದ ನ್ಯಾಯಾಧಿಕಾರಿ ಬರೆದ ಷರಾದಲ್ಲಿ ಹೆಂಡತಿಯ ಹೆಸರಿದೆ, ಅದು ಒರೆಗಾನ್ ಕಡತದ ಹೆಸರಿಗೆ ತಾಳೆಯಾಗುತ್ತದೆ. ಒಂದೇ ಹಾಳೆಯಲ್ಲಿ ಎರಡು ರಾಜ್ಯ, ಗಂಡ, ಹೆಂಡತಿ, ಜಮೀನು. ನಲವತ್ತು ಎಕರೆ ಮುನ್ನೂರು ಡಾಲರ್ ಚಿಲ್ಲರೆಗೆ ಹೋಗಿತ್ತು. ಐಯೊವಾದಲ್ಲಿ ಕೊಂಡ ಹೊಸ ಜಮೀನಿನ ಬೆಲೆಯೂ ಅಷ್ಟರಲ್ಲೇ ಇದೆ. ಈ ಪತ್ರದ ಪ್ರತಿಗೆ ತೆತ್ತ ಶುಲ್ಕ ಹತ್ತು ಡಾಲರ್‌ಗೂ ಕಡಿಮೆ.

ಕೆಂಟಕಿಯ ಈ ಭಾಗದಲ್ಲಿ ಸರ್ಕಾರಿ ಚೌಕಗಳಿಲ್ಲ, ಎಲ್ಲವೂ ಚಕ್ಕುಬಂದಿಯೇ. ಬಿಳಿ ಓಕ್ ಮರದಿಂದ ಇಂಥ ದಿಕ್ಕಿಗೆ ಇಷ್ಟು ಪೋಲ್, ಅಲ್ಲಿಂದ ಇಂಥವರ ಮೂಲೆಗೆ, ಅಲ್ಲಿಂದ ಹಳ್ಳದ ಜಾಡಿನಲ್ಲಿ ಹಿಂದಕ್ಕೆ. ಬೇರೆಯವರು ಹೆದರುವ ಈ ಭಾಷೆ ನನಗೆ ಮನೆಮಾತು. ಪೋಲ್ ಎಂದರೆ ಹದಿನಾರೂವರೆ ಅಡಿ; ನಮ್ಮ ಸರ್ವೆಯ 33 ಅಡಿ ಸರಪಳಿಗೆ ಸರಿಯಾಗಿ ಎರಡು ಪೋಲ್, ನಾಲ್ಕು ಚದರ ಪೋಲ್‌ಗೆ ಒಂದು ಗುಂಟೆ. ತೆರಿಗೆ ಪಟ್ಟಿಗಳಲ್ಲಿ ಜಮೀನು ಯಾವ ಹಳ್ಳದ ಮೇಲಿದೆ ಎಂಬ ಅಂಕಣವಿರುವುದರಿಂದ, ಗ್ರೀನ್ ಕೌಂಟಿಯ ಪಟ್ಟಿಯಲ್ಲಿ ಈ ಹೆಸರಿನವರನ್ನು ಹಳ್ಳವಾರು ವಿಂಗಡಿಸಿ ರಸೆಲ್ ಕ್ರೀಕ್‌ನವರನ್ನು ಮಾತ್ರ ಉಳಿಸಿಕೊಂಡೆ. 1801ರ ಕಾನೂನಿನಿಂದ ಅಡೇರ್ ಕೌಂಟಿ ಬೇರೆಯಾದಾಗ ಕುಟುಂಬ ಗ್ರೀನ್ ಪಟ್ಟಿಯಿಂದ ಮಾಯವಾಗಿ ಅಡೇರ್ ಪಟ್ಟಿಯಲ್ಲಿ ಕಾಣಿಸುತ್ತದೆ. ಅಚ್ಚಾದ ವಂಶಾವಳಿ ಇದನ್ನೊಂದು ವಲಸೆಯೆಂದು ಎಣಿಸಿತ್ತು. ಹಳ್ಳ ಅದೇ, ಎಕರೆ ಅದೇ, ಸರಿದದ್ದು ಗಡಿ.

ಎರಡೂ ಕೌಂಟಿಗಳ ಇಪ್ಪತ್ತೈದು ಮೂವತ್ತು ಪತ್ರಗಳನ್ನು ಗ್ರಾಫ್ ಹಾಳೆಗೆ ಇಳಿಸಿ ಕತ್ತರಿಸಿ ಹೊಂದಿಸಿದೆ. ಇದಕ್ಕೆ ಸಾಫ್ಟ್‌ವೇರ್‌ಗಳಿವೆ; ಕೈಯಿಂದ ಮಾಡಿದರೆ ಅಳತೆ ಎಲ್ಲಿ ಸುಳ್ಳು ಹೇಳುತ್ತಿದೆ ಎಂಬುದು ಬೇಗ ತಿಳಿಯುತ್ತದೆಂದು ನನ್ನ ಅಭಿಪ್ರಾಯ. ತುಂಡುಗಳು ಕೂಡಿಕೊಂಡಾಗ ಒರೆಗಾನ್‌ಗೆ ಹೋದ ಯಜಮಾನರ ತಂದೆಯ ಜಮೀನಿನ ಸುತ್ತ ನಾಲ್ವರು ನೆರೆಯವರು ಸಿಕ್ಕರು. ಅವರಲ್ಲಿ ಎರಡು ಮನೆಯ ಮಕ್ಕಳು ಮುಂದೆ ಸ್ಯಾಂಗಮನ್‌ನಲ್ಲೂ ಪಕ್ಕದಲ್ಲೇ ಇದ್ದವರು. ಆದರೆ ತಂದೆ ಮಗ ಎಂದು ಹೇಳುವ ಕಾಗದ ಇನ್ನೂ ಬೇಕಿತ್ತು. ಉಯಿಲು ಇರಲಿಲ್ಲ. ಹಳೆಯ ಸೂಚಿಗಳಲ್ಲಿ ವಾರಸುದಾರರ ಪತ್ರ ಮೊದಲ ವಾರಸುದಾರನ ಹೆಸರಿನಲ್ಲಷ್ಟೇ ದಾಖಲಾಗಿ, ಉಳಿದವರು ‘ಮತ್ತಿತರರು’ ಎಂಬುದರೊಳಗೆ ಮುಳುಗಿರುತ್ತಾರೆ. 2024ರಲ್ಲಿ ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಜಾಲತಾಣ ಕೈಬರಹದ ಪೂರ್ಣಪಠ್ಯ ಹುಡುಕಾಟವನ್ನು ಎಲ್ಲರಿಗೂ ಉಚಿತವಾಗಿ ತೆರೆದ ಮೇಲೆ, ಹಿರಿಯ ಅಳಿಯನ ಹೆಸರಿನಡಿ ಸೂಚಿತವಾಗಿದ್ದ 1831ರ ವಿಭಾಗಪತ್ರ ಹೊರಬಂತು: ಎಂಟು ಮಕ್ಕಳು, ಅಳಿಯಂದಿರು, ಪ್ರತಿಯೊಬ್ಬರ ವಾಸಸ್ಥಳ, ನಮ್ಮವರ ಎದುರಿಗೆ ‘ಇಲಿನಾಯ್‌ನ ಸ್ಯಾಂಗಮನ್ ಕೌಂಟಿ’. ಆ ಹುಡುಕಾಟದಲ್ಲಿ ಮನೆತನದ ಹೆಸರನ್ನು ನಾನು ಕೊಡಲೇ ಇಲ್ಲ. ಯಾವ ಮೂರು ಪದಗಳನ್ನು ಯಾವ ಕ್ರಮದಲ್ಲಿ ಕೊಟ್ಟೆ ಎಂಬುದನ್ನು ಇನ್ನೊಂದು ಕುಟುಂಬದ ಮೇಲೆ ಪರೀಕ್ಷಿಸಿ ಮುಗಿಯುವವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಇನ್ನೂ ಒಂದು ಪ್ರಯೋಗ ಮಾಡಿದ್ದೆ. ಅಂಚೆ ಕಚೇರಿಯಲ್ಲಿ ಯಾರೂ ಬಂದು ಪಡೆಯದ ಪತ್ರಗಳ ಪಟ್ಟಿಯನ್ನು ಅಂದಿನ ಪತ್ರಿಕೆಗಳು ಅಚ್ಚು ಹಾಕುತ್ತಿದ್ದವು. ಊರು ಬಿಟ್ಟವರ ಹೆಸರು ಅಲ್ಲಿ ಉಳಿಯಬೇಕಲ್ಲವೇ ಎಂದು ಸ್ಪ್ರಿಂಗ್‌ಫೀಲ್ಡ್‌ನ ಹಳೆಯ ಪತ್ರಿಕೆಯ ಸಂಚಿಕೆಗಳನ್ನು ಒಂದು ಇಡೀ ಚಳಿಗಾಲ ನೋಡಿದೆ. ನಮ್ಮವರ ಹೆಸರು ಎರಡು ಬಾರಿ ಸಿಕ್ಕಿತು, ಮೂವರಲ್ಲಿ ಯಾರದ್ದೆಂದು ಹೇಳಲು ಸಾಧ್ಯವಾಗಲಿಲ್ಲ. ಹೆಸರು ಅಪರೂಪವಾಗಿರುವ ಮನೆತನಕ್ಕೆ ಈ ದಾರಿ ಫಲ ಕೊಡುತ್ತದೆಂದು ಈಗಲೂ ನಂಬುತ್ತೇನೆ. ನಮ್ಮ ಹೆಳವರು ಮನೆಬಾಗಿಲಿಗೆ ಬಂದು ವಂಶ ಹೊಗಳುವಾಗ ಯಾವ ಊರಿನಿಂದ ಯಾವ ಊರಿಗೆ ಬಂದಿರೆಂದು ಹೇಳುವಂತೆ, ವಲಸೆಯನ್ನೇ ನೆನಪಿಟ್ಟುಕೊಳ್ಳುವ ಜನ ಈ ಕುಟುಂಬಕ್ಕೆ ಇರಲಿಲ್ಲ. ಅದನ್ನು ಕಾಗದದ ಚೂರುಗಳಿಂದಲೇ ಕಟ್ಟಬೇಕಾಯಿತು.

ಕೊನೆಯ ಹಂತಕ್ಕೆ ಮತ್ತೆ ನೆರೆಯವನೇ ನೆರವಾದ. ರಸೆಲ್ ಕ್ರೀಕ್‌ನಲ್ಲಿ ತಂದೆಯ ಜಮೀನಿಗೆ ಮೂಲೆ ಹಂಚಿಕೊಂಡಿದ್ದ ಮುದುಕರೊಬ್ಬರು 1832ರ ಕಾನೂನಿನಡಿ ಸ್ವಾತಂತ್ರ್ಯ ಯುದ್ಧದ ಪಿಂಚಣಿಗೆ ಅರ್ಜಿ ಹಾಕಿದ್ದರು. ಎಲ್ಲಿ ಹುಟ್ಟಿದೆ, ಸೇವೆಗೆ ಸೇರುವಾಗ ಎಲ್ಲಿದ್ದೆ, ಆಮೇಲೆ ಎಲ್ಲೆಲ್ಲಿ ವಾಸಿಸಿದೆ ಎಂದು ನ್ಯಾಯಾಲಯ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರದಲ್ಲಿ ನಾರ್ತ್ ಕ್ಯಾರೊಲೈನಾದ ರೋವನ್ ಕೌಂಟಿ ಮತ್ತು ಕೆಂಟಕಿಗೆ ಬಂದ ವರ್ಷ ಇವೆ. ರೋವನ್‌ನ ಸಂಪುಟಗಳಲ್ಲಿ ಅವರ ಜಮೀನನ್ನು ಹುಡುಕಿದಾಗ ಚಕ್ಕುಬಂದಿಯಲ್ಲಿ ಆ ತಂದೆಯ ಹೆಸರು ಸಿಕ್ಕಿತು; 1789ರಲ್ಲಿ ಇಬ್ಬರೂ ಕೆಲವೇ ವಾರಗಳ ಅಂತರದಲ್ಲಿ ಜಮೀನು ಮಾರಿದ್ದಾರೆ, ಒಬ್ಬರ ಪತ್ರಕ್ಕೆ ಇನ್ನೊಬ್ಬರು ಸಾಕ್ಷಿ. ವರ್ಜೀನಿಯಾದ ಮಾತು ಎಲ್ಲಿಂದ ಬಂತೆಂಬುದೂ ಇಲ್ಲಿಗೆ ಬಗೆಹರಿಯಿತು. ಕೆಂಟಕಿ ಪ್ರತ್ಯೇಕ ರಾಜ್ಯವಾದದ್ದು 1792ರ ಜೂನ್ 1ರಂದು. ಅದಕ್ಕೆ ಮೊದಲು ಅದು ವರ್ಜೀನಿಯಾದ ಭಾಗವಾಗಿದ್ದುದರಿಂದ, ಆಗ ಅಲ್ಲಿ ಹುಟ್ಟಿದ ಆ ತಂದೆಯ ಹಿರಿಯ ಮಗಳು 1850ರ ಜನಗಣತಿಯಲ್ಲಿ ತನ್ನ ಜನ್ಮಸ್ಥಳ ವರ್ಜೀನಿಯಾ ಎಂದು ಬರೆಸಿದ್ದು ಸರಿಯಾಗಿಯೇ ಇತ್ತು. ಅಚ್ಚಾದ ವಂಶಾವಳಿಯ ಹಿರಿಯರು ಈ ಕಾಗದಗಳನ್ನು ಮೂರು ವಾರ ತಮ್ಮಲ್ಲೇ ಇಟ್ಟುಕೊಂಡು ಓದಿ, ತಮ್ಮ ಪ್ರತಿಯ ಮೊದಲ ಎರಡು ಪುಟಗಳನ್ನು ಹೊಸದಾಗಿ ಬರೆದುಕೊಡಲು ನನ್ನನ್ನೇ ಕೇಳಿದರು.

ಆರೇಳು ವರ್ಷದಲ್ಲಿ ಒಟ್ಟು ಖರ್ಚು ಮೂರು ಸಾವಿರ ಡಾಲರ್ ಹತ್ತಿರ ಬಂದಿರಬೇಕು, ಅದರಲ್ಲಿ ಉತ್ತರ ತಂದುಕೊಟ್ಟ ಹಣ ನಾನೂರನ್ನು ಮೀರುವುದಿಲ್ಲ. ಈಗ ರೋವನ್‌ನಲ್ಲಿ ಆ ಜಮೀನುಗಳ ಪಕ್ಕದ ಹಳ್ಳದ ಎರಡೂ ದಡದ ಪತ್ರಗಳನ್ನು ಹಾಳೆಗೆ ಇಳಿಸುತ್ತಿದ್ದೇನೆ. ಹದಿನೈದರಷ್ಟು ತುಂಡುಗಳು ಕೂಡಿವೆ. ನೆರೆಯವರಲ್ಲಿ ಇಬ್ಬರು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯಿಂದ, ವಲಸಿಗರ ಹಳೆಯ ಗಾಡಿದಾರಿಯಾದ ಗ್ರೇಟ್ ವ್ಯಾಗನ್ ರಸ್ತೆಯಲ್ಲಿ ಇಳಿದು ಬಂದವರೆಂದು ಈಗಾಗಲೇ ತಿಳಿದಿರುವುದರಿಂದ ಮುಂದಿನ ಶುಲ್ಕವನ್ನು ಅಲ್ಲಿನ ತೆರಿಗೆ ಪಟ್ಟಿಗಳಿಗಾಗಿ ಎತ್ತಿಟ್ಟಿದ್ದೇನೆ.