ಮಳೆಗಾಲಕ್ಕೆ ಮನೆ ಮುಚ್ಚಿ ಹೊರಡುವ ಮುನ್ನ

ಮೇ ತಿಂಗಳ ಕೊನೆಗೆ ಮನೆಗೆ ಬೀಗ ಹಾಕಿ, ಮಕ್ಕಳಿರುವ ದೇಶಕ್ಕೆ ಹೋಗಿ, ನವೆಂಬರಿನಲ್ಲಿ ಮರಳಿ ಬಾಗಿಲು ತೆರೆಯುವ ಕೊಡಗಿನವರನ್ನು ಮೊದಲು ಎದುರುಗೊಳ್ಳುವುದು ಬೂಷ್ಟಿನ ವಾಸನೆ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ; ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಒಲೆ ಉರಿಯದ, ಕಿಟಕಿ ತೆರೆಯದ ಮನೆಯಿಂದ ಆ ತೇವ ಹೊರಹೋಗಲು ದಾರಿಯಿರುವುದಿಲ್ಲ. ಆದ್ದರಿಂದ ಸೂಟ್‌ಕೇಸ್ ಇಳಿಸುವ ಮೊದಲು ಮನೆಯ ಸಿದ್ಧತೆಗೆಂದೇ ಒಂದು ತಿಂಗಳನ್ನು ಎತ್ತಿಡಬೇಕು.

ಮೊದಲು ನಿರ್ಧರಿಸಬೇಕಾದದ್ದು ಕೀಲಿ ಯಾರ ಕೈಗೆ ಎಂಬುದನ್ನು. ಹಳೆಯ ಮನೆಗಳ ಜಂತೆ, ತೊಲೆಗಳನ್ನು ಒಣಗಿಸಿಡುತ್ತಿದ್ದುದು ಅಡುಗೆಮನೆಯ ಮತ್ತು ಬಚ್ಚಲಿನ ಒಲೆಯ ಹೊಗೆಯೇ. ವಾರಕ್ಕೊಮ್ಮೆ ಬಂದು ಆ ಒಲೆ ಉರಿಸಿ, ಮಳೆ ಬಿಟ್ಟ ಹೊತ್ತು ನೋಡಿ ಕಿಟಕಿ ತೆರೆದು, ಸಂಜೆಯೊಳಗೆ ಮುಚ್ಚುವ ಒಬ್ಬರು ಬೇಕು. ತೋಟವಿದ್ದವರು ಈ ಕೆಲಸವನ್ನು ತೋಟದ ಲೆಕ್ಕ-ಕೆಲಸ ನೋಡಿಕೊಳ್ಳುವ ರೈಟರಿಗೋ ಲೈನ್‌ಮನೆಯ (ಕಾರ್ಮಿಕರ ಸಾಲುಮನೆಯ) ನಂಬಿಗಸ್ತರಿಗೋ ಒಪ್ಪಿಸುತ್ತಾರೆ. ಬಾಯಲ್ಲಿ ಹೇಳಿದ್ದು ಮೂರನೆಯ ವಾರಕ್ಕೆ ಮರೆತುಹೋಗುವುದರಿಂದ, ಮಾಡಬೇಕಾದುದನ್ನು ಬರೆದು ಬಾಗಿಲ ಹಿಂದೆ ಅಂಟಿಸಿ. ಸೌದೆ ಮತ್ತು ಸಂಬಳದ ಹಣವನ್ನು ಮುಂಗಡವಾಗಿ ಕೊಟ್ಟಿರಿ.

ಹೆಚ್ಚು ಶ್ರಮ ಬೇಡುವುದು ಬಟ್ಟೆಬರೆ. ಬೇಸಿಗೆಯ ಬಿಸಿಲು ಇರುವಾಗಲೇ ಎಲ್ಲವನ್ನೂ ಒಗೆದು, ಗಂಜಿ ಹಾಕದೆ, ಪೂರ್ತಿ ಒಣಗಿಸಬೇಕು. ಗಂಜಿಯ ಬಟ್ಟೆ ಬೂಷ್ಟಿಗೂ ಹುಳುವಿಗೂ ಊಟವಿಟ್ಟಂತೆ. ರೇಷ್ಮೆ ಸೀರೆ, ಕೊಡವ ಗಂಡಸರ ನಿಲುವಂಗಿಯಾದ ಕುಪ್ಪಸ, ಅದರ ಮೇಲೆ ಸೊಂಟಕ್ಕೆ ಸುತ್ತುವ ಚೇಲೆಗಳನ್ನು ನೆರಳಿನಲ್ಲಿ ಗಾಳಿಗೆ ಹರಡಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಒಳಗೆ ಉಳಿದ ಅಲ್ಪ ತೇವವೂ ಅಲ್ಲೇ ಕೂತುಬಿಡುತ್ತದೆ. ನುಸಿಗುಳಿಗೆ ಹುಳುವನ್ನು ದೂರವಿಡುತ್ತದೆಯೇ ಹೊರತು ತೇವ ಹೀರುವುದಿಲ್ಲ. ಅದಕ್ಕೆ ಸಿಲಿಕಾ ಜೆಲ್ ಪೊಟ್ಟಣಗಳು ಬೇಕು. ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಸರಿಸಿ, ಹಾಸಿಗೆಗಳನ್ನು ಮಂಚದ ಮೇಲೆ ನೆಟ್ಟಗೆ ನಿಲ್ಲಿಸಿ. ಚರ್ಮದ ವಸ್ತುಗಳ ವಿಷಯದಲ್ಲಿ ನಾನೇ ಒಮ್ಮೆ ಪಾಠ ಕಲಿತಿದ್ದೇನೆ: ಪಾಲಿಶ್ ಹಾಕಿ ಡಬ್ಬದಲ್ಲಿಟ್ಟು ಹೋಗಿದ್ದ ಬೂಟು ಐದು ತಿಂಗಳ ನಂತರ ಹಸಿರು ತುಪ್ಪಳ ಹೊದ್ದು ಕುಳಿತಿತ್ತು. ಅಂಥವನ್ನು ಒರಸಿ, ತೆರೆದ ಕಪಾಟಿನಲ್ಲಿಡುವುದೇ ಲೇಸು. ಕೊಡವರ ಸಾಂಪ್ರದಾಯಿಕ ಆಯುಧಗಳಾದ ಪೀಚೆಕತ್ತಿ (ಸೊಂಟದ ಕಿರುಗತ್ತಿ), ಒಡಿಕತ್ತಿಗಳನ್ನು (ಅಗಲ ಅಲಗಿನ ಬಾಗುಗತ್ತಿ) ಒರೆಯಿಂದ ತೆಗೆದು, ಹೊಲಿಗೆ ಯಂತ್ರದ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಡಬೇಕು.

ಕೋವಿಯ ಮಾತು ಬೇರೆ. ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಹಿಡುವಳಿ) ಹಿಡುವಳಿದಾರರಿಗೂ ಇರುವ ವಿನಾಯಿತಿ 2029ರವರೆಗೆ ಮುಂದುವರಿದಿದೆ. ಆದರೆ ಬೀಗ ಹಾಕಿದ ಮನೆಯಲ್ಲಿ ಕೋವಿ ಬಿಟ್ಟುಹೋಗುವುದು ಜವಾಬ್ದಾರಿಯ ನಡೆಯಲ್ಲ. ಪೊಲೀಸ್ ಠಾಣೆಯಲ್ಲಿ ಅಥವಾ ಅಧಿಕೃತ ಶಸ್ತ್ರ ವ್ಯಾಪಾರಿಯಲ್ಲಿ ಠೇವಣಿಯಿಟ್ಟು ರಸೀದಿ ಪಡೆಯಿರಿ.

ಕಾಗದಪತ್ರಗಳಲ್ಲಿ ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳಿಗೂ ಹೆಚ್ಚು ಅವಧಿ ಇದೆಯೇ ಎಂದು ನೋಡಬೇಕು. ಹಲವು ದೇಶಗಳು ಅದನ್ನು ಕೇಳುತ್ತವೆ. ಮಾಜಿ ಸೈನಿಕರ ಈ ಜಿಲ್ಲೆಯಲ್ಲಿ ಅನೇಕರು ಮರೆಯುವುದು ಪಿಂಚಣಿದಾರರು ಬದುಕಿದ್ದಾರೆಂದು ತೋರಿಸುವ ವಾರ್ಷಿಕ ಲೈಫ್ ಸರ್ಟಿಫಿಕೇಟನ್ನು. ಅದರ ಅವಧಿ ಎಂದು ಮುಗಿಯುತ್ತದೆಂದು ತಿಳಿದುಕೊಂಡು, ಸಾಧ್ಯವಾದರೆ ಹೊರಡುವ ಮೊದಲೇ ಸರ್ಕಾರದ ಡಿಜಿಟಲ್ ವ್ಯವಸ್ಥೆಯಾದ ‘ಜೀವನ್ ಪ್ರಮಾಣ್’ ಮೂಲಕ ಸಲ್ಲಿಸಿ. ಔಷಧಿಗಳ ಜೊತೆಗೆ ವೈದ್ಯರ ಚೀಟಿಯೂ ಕೈಚೀಲದಲ್ಲಿರಲಿ.

ಅಡುಗೆಮನೆಯಲ್ಲಿ ಫ್ರಿಜ್ ಖಾಲಿ ಮಾಡಿ, ಒರಸಿ, ಬಾಗಿಲನ್ನು ಸ್ವಲ್ಪ ತೆರೆದೇ ಬಿಡಿ. ಅಕ್ಕಿ, ಬೇಳೆ, ಪುಡಿಗಳನ್ನು ನೆಂಟರಿಗೆ ಹಂಚುವುದು ಒಳ್ಳೆಯದು. ಕೊಡಗಿನ ಅಡುಗೆಯ ಕಪ್ಪು ಹುಳಿರಸವಾದ ಕಾಚಂಪುಳಿಯ ಬಾಟಲಿಯ ಬಗ್ಗೆ ಮಾತ್ರ ಚಿಂತೆ ಬೇಡ, ಅದು ನಿಮಗಿಂತ ಹೆಚ್ಚು ಕಾಲ ಕಾಯಬಲ್ಲದು. ಸಿಲಿಂಡರಿನಿಂದ ರೆಗ್ಯುಲೇಟರ್ ಬಿಚ್ಚಿ, ಟಿವಿ, ರೂಟರ್, ಇನ್ವರ್ಟರ್‌ಗಳ ಪ್ಲಗ್ ಕಳಚಬೇಕು. ಸಿಡಿಲು ತಂತಿಯ ದಾರಿ ಹಿಡಿದು ಬರುವುದರಿಂದ ಸ್ವಿಚ್ ಆರಿಸಿದರಷ್ಟೇ ಸಾಲದು.

ಹೊರಗೆ, ಹಂಚಿನ ಮೇಲಿನ ಎಲೆ ಗುಡಿಸಿ, ಒಡೆದ ಹಂಚು ಬದಲಿಸಿ, ನೀರಿಳಿಯುವ ದೋಣಿಯನ್ನು ಶುಚಿ ಮಾಡಿಸಿ. ಮಾಡಿನ ಮೇಲೆ ಬಾಗಿದ ಕೊಂಬೆ ಕಡಿಸಿ. ಮನೆಯ ಹಿಂದೆ ಬರೆ (ಕಡಿದಾದ ಮಣ್ಣಿನ ದಿಬ್ಬ) ಇದ್ದವರು ಚರಂಡಿಯ ನೀರು ಅದರ ಬುಡದಲ್ಲಿ ನಿಲ್ಲದಂತೆ ನೋಡಿಕೊಳ್ಳಲೇಬೇಕು. 2018ರ ಆಗಸ್ಟಿನಲ್ಲಿ ಕುಸಿದ ಗುಡ್ಡಗಳನ್ನು ಕಂಡವರಿಗೆ ಕಾರಣ ಹೇಳಬೇಕಾಗಿಲ್ಲ. ಕಾಡಂಚಿನಲ್ಲಿರುವವರು ಅಂಗಳದ ಹಲಸಿನ ಕಾಯಿಗಳನ್ನು ಹಣ್ಣಾಗುವ ಮೊದಲೇ ಇಳಿಸಿಬಿಡಲಿ. ಆ ವಾಸನೆಗೆ ಆನೆ ಬರುತ್ತದೆ, ಬಂದದ್ದು ಮರದ ಬಳಿಯೇ ನಿಲ್ಲುವುದಿಲ್ಲ.

ಪ್ರಯಾಣ ಜೂನ್ ನಂತರವಾದರೆ ಒಂದು ದಿನ ಮುಂಚಿತವಾಗಿ ಘಟ್ಟ ಇಳಿಯಿರಿ. ಜಿಲ್ಲೆಗೆ ರೈಲಿಲ್ಲ. ಕಣ್ಣೂರಿಗೆ ಹೋಗುವ ಮಾಕುಟ್ಟ ರಸ್ತೆಯಾಗಲಿ, ಮಂಗಳೂರಿಗೆ ಹೋಗುವ ಸಂಪಾಜೆ ರಸ್ತೆಯಾಗಲಿ ಮಳೆಯಲ್ಲಿ ಯಾವಾಗ ಮುಚ್ಚುತ್ತದೆಂದು ಹೇಳಲಾಗದು. ಹೊರಡುವ ಬೆಳಿಗ್ಗೆ ಪ್ರತಿ ಕೋಣೆಯ, ವಿದ್ಯುತ್ ಮೀಟರಿನ ಫೋಟೊ ತೆಗೆದು, ಮೇನ್ ಸ್ವಿಚ್ ಆರಿಸಿ, ಕೀಲಿಯನ್ನು ಬೇರೆಯವರ ಮೂಲಕ ಕಳುಹಿಸದೆ ನೀವೇ ಹೋಗಿ ಕೊಟ್ಟು ಬನ್ನಿ.