ಒಂದೇ ಕ್ಲಾಸಿನಲ್ಲಿ 11 ಜನ ಅಪರೂಪದವರು

ಬಾಗಲಕೋಟೆ ನವನಗರದ ಒಂದು ಪಿಯು ಕಾಲೇಜಿನಲ್ಲಿ ನಾನು ಕಾಮರ್ಸ್ ಕಲಿಸುತ್ತೇನೆ. ಶನಿವಾರದ ಕೊನೆಯ ಪಿರಿಯಡ್ ವ್ಯಕ್ತಿತ್ವ ವಿಕಸನ. ಅದನ್ನು ತಗೊಳ್ಳೋಕೆ ಯಾರೂ ತಯಾರಿರಲಿಲ್ಲ, ನನ್ನ ಕೊರಳಿಗೆ ಬಿತ್ತು.

ಮೊದಲ ವಾರ ಸುಮ್ನೆ, ಮೊಬೈಲಿನಲ್ಲಿ ಸಿಗುವ ಬಿಟ್ಟಿ ಟೆಸ್ಟ್ ಮಾಡಿಕೊಂಡು ಬನ್ನಿ ಎಂದೆ. ಮೈಯರ್ಸ್-ಬ್ರಿಗ್ಸ್ (ಎಂಬಿಟಿಐ) ಟೆಸ್ಟಿನ ಮಾದರಿಯದು. ಸ್ವಭಾವದ ನಾಲ್ಕು ಜೋಡಿಗಳಲ್ಲಿ ಒಂದೊಂದು ಕಡೆಗೆ ಒಂದೊಂದು ಅಕ್ಷರ ಕೊಟ್ಟು ಜನರನ್ನು 16 ಬಗೆ ಮಾಡುತ್ತದೆ, ಗೊತ್ತಲ್ವಾ? ಅದೇ. 42 ಮಕ್ಕಳಲ್ಲಿ 11 ಮಂದಿ ಐಎನ್‌ಎಫ್‌ಜೆ ಎಂದು ಬಂದರು. ಜಾಲತಾಣಗಳೆಲ್ಲ ಅತಿ ಅಪರೂಪ ಎಂದು ಹೊಗಳುವ ಬಗೆ ಅದು. ನಾನು ನಕ್ಕೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನಗಲಿಲ್ಲ. "ನಂದು ಐಎಸ್‌ಎಫ್‌ಜೆ ಬಂದೈತ್ರಿ ಮೇಡಮ್. ಹೇಳಿದ್ ಕೆಲಸ ಮಾಡ್ಕೋತ ಇರಾಕಿ ಅಂತ. ಹೊಸಾದು ಏನೂ ಹೊಳಿಯೂದಿಲ್ಲಂತ."

ಅವತ್ತು ಸಂಜೆ ಎರಡು ಬಗೆಯ ಪುಟಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಪೆನ್ಸಿಲ್ ಹಿಡಿದು ಕೂತೆ. ಎರಡನೇ ಅಕ್ಷರ ಎನ್ ಇದ್ದ ಪುಟಗಳಲ್ಲಿ ಆಳ, ದೂರದೃಷ್ಟಿ, ಪ್ರತಿಭೆ. ಎಸ್ ಇದ್ದ ಪುಟಗಳಲ್ಲಿ ಶ್ರದ್ಧೆ, ಶಿಸ್ತು, ನಂಬಿಕಸ್ಥ. ಒಂದು ಪುಟ ವರನನ್ನು ಹೊಗಳಿದಂತೆ, ಇನ್ನೊಂದು ಅಂಗಡಿಯ ಆಳನ್ನು ಹೊಗಳಿದಂತೆ. ಆದರೆ ಈ ಅಕ್ಷರಗಳ ಅರ್ಥ ಅದಲ್ಲ. ಕಣ್ಣಿಗೆ ಕಂಡದ್ದನ್ನು, ಕೈಗೆ ಸಿಕ್ಕದ್ದನ್ನು ನಂಬಿ ನಡೆಯುವುದು ಎಸ್. ಅದರ ಹಿಂದೆ ಏನಿರಬಹುದು ಎಂಬ ಸುಳಿವಿನ ಬೆನ್ನು ಹತ್ತುವುದು ಎನ್. ಸ್ವಿಸ್ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಲ್ಲಿ ಇವನ್ನು ಲೋಕವನ್ನು ಒಳಗೆ ತಗೊಳ್ಳುವ ಎರಡು ದಾರಿ ಎಂದು ವಿವರಿಸಿದ್ದ. ಮೇಲು ಕೀಳಿನ ಮಾತೇ ಇರಲಿಲ್ಲ. ಇಂಥ ವಿಷಯದ ಬಗ್ಗೆ ಇಂಟರ್‌ನೆಟ್‌ನಲ್ಲಿ ಹಗಲೂ ರಾತ್ರಿ ಬರೆಯುವವರಲ್ಲಿ ತಮ್ಮನ್ನು ಎನ್ ಎಂದುಕೊಂಡವರೇ ಜಾಸ್ತಿ. ಹೆತ್ತವರಿಗೆ ಹೆಗ್ಗಣ ಮುದ್ದು.

ನನಗೆ ಸಿಟ್ಟು ಬಂದದ್ದು ಇಳಕಲ್ಲಿನ ನಮ್ಮ ದೊಡ್ಡವ್ವನ ಕಾರಣಕ್ಕೆ. ಆಕೆ ಅಪ್ಪಟ ಎಸ್. ಇಳಕಲ್ ಸೀರೆಯ ಮೈಯ ಹಾಸು (ಮಗ್ಗದ ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸಬೇಕು. ಆಕೆಯ ಬೆರಳಿಗೆ ಒಂದು ಎಳೆ ತಪ್ಪಿದರೂ ಗೊತ್ತಾಗುತ್ತದೆ. ಕಲ್ಪನೆ ಕಡಿಮೆ ಎಂದು ಬರೆದವರು ಒಂದು ದಿನ ಬಂದು ಆ ಕೊಂಡಿ ಹಾಕಿ ನೋಡಲಿ.

ಆಕೆಗೆ ಫೋನಿನಲ್ಲಿ ಒಂದು ಪುಟ ಓದಿ ಹೇಳಿದೆ. "ಬುಡಬುಡಿಕ್ಯಾಂವ ಹೇಳಿದಂಗ ಐತಲ್ಲವಾ ಇದು, ಯಾರಿಗ್ ಹೇಳಿದ್ರೂ ಹೌದ್ ಅಂತಾರ" ಎಂದಳು.

ಈ ಮಾತನ್ನು ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ 1948ರಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದ. 39 ವಿದ್ಯಾರ್ಥಿಗಳಿಗೆ ಟೆಸ್ಟ್ ಕೊಟ್ಟ. ನಂತರ ಎಲ್ಲರ ಕೈಗೂ ಒಂದೇ ವಿವರಣೆ ಇಟ್ಟ. ಅದನ್ನು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿ ಜೋಡಿಸಿದ್ದ. ನಿಮಗೆ ಎಷ್ಟು ಹೊಂದುತ್ತದೆ ಎಂದು ಕೇಳಿದರೆ ಸರಾಸರಿ ಐದಕ್ಕೆ ನಾಲ್ಕಕ್ಕಿಂತ ಜಾಸ್ತಿ ಅಂಕ ಬಿತ್ತು.

ಮುಂದಿನ ಶನಿವಾರ ನಾನೂ ಅದನ್ನೇ ಸ್ವಲ್ಪ ತಿರುಗಿಸಿ ಮಾಡಿದೆ. ವಿವರಣೆಗಳಿಂದ ಬಗೆಯ ಹೆಸರು ತೆಗೆದೆ. ಒಬ್ಬೊಬ್ಬರಿಗೆ ಎರಡು ಹಾಳೆ ಕೊಟ್ಟೆ. ಒಂದು ಅವರದು, ಇನ್ನೊಂದು ಪೂರ್ತಿ ಉಲ್ಟಾ ಬಗೆಯದು. ಯಾವುದು ಯಾವುದೆಂದು ಹೇಳಲಿಲ್ಲ. ಸಾಲು ಸಾಲಿಗೂ ಹೌದು, ಅಲ್ಲ ಎಂದು ಬರೆಯಿರಿ ಎಂದೆ. "ಕೆಲವೊಮ್ಮೆ ಜನರೊಂದಿಗೆ ಬೆರೆಯುತ್ತೀರಿ, ಕೆಲವೊಮ್ಮೆ ಒಬ್ಬರೇ ಇರಬೇಕೆನಿಸುತ್ತದೆ" ಎಂಬ ಸಾಲಿಗೆ ಇಡೀ ಕ್ಲಾಸು ಹೌದು ಎಂದಿತು. ಅಂಥವನ್ನೆಲ್ಲ ಹೊಡೆದು ಹಾಕಿದೆ. "ಮದುವೆ ಮನೆಯಲ್ಲಿ ಎರಡು ತಾಸು ಕಳೆದರೆ ಮರುದಿನ ಯಾರ ಜೊತೆಗೂ ಮಾತು ಬೇಡ" ಎಂಬುದಕ್ಕೆ ಅರ್ಧ ಜನ, ಛೇ ಇಲ್ಲ ಎಂದರು. ಆ ಸಾಲು ಉಳಿಯಿತು. ಎರಡು ಪುಟದ ವಿವರಣೆಯಲ್ಲಿ ಹೀಗೆ ಉಳಿದದ್ದು ಏಳೆಂಟು ಸಾಲು ಅಷ್ಟೇ.

ಪುಟದ ಕೆಳಗೆ ದುಡ್ಡು ಕಟ್ಟಿ ಪೂರ್ತಿ ವರದಿ ಪಡೆಯಿರಿ ಎಂದಿದ್ದರೆ ಹೊಗಳಿಕೆ ಹೆಚ್ಚು. ಇದಕ್ಕೆ ಪರೀಕ್ಷೆ ಬೇಕಾಗಲಿಲ್ಲ. ನಿಮ್ಮ ಬಗೆಗೆ ಇಂಥ ನೌಕರಿ ಎಂದು ಪಟ್ಟಿ ಕೊಡುವ ಪುಟವನ್ನು ಅಲ್ಲೇ ಮುಚ್ಚುತ್ತೇನೆ. ಮೂಲ ಟೆಸ್ಟಿನ ಕಂಪನಿಯೇ ಕೆಲಸಕ್ಕೆ ಜನರನ್ನು ಆರಿಸಲು ಇದನ್ನು ಬಳಸಬೇಡಿ ಎನ್ನುತ್ತದೆ.

ದೀಪಾವಳಿ ಕಳೆದ ಮೇಲೆ ಮಕ್ಕಳಿಂದ ಮತ್ತೊಮ್ಮೆ ಟೆಸ್ಟ್ ಮಾಡಿಸಿದೆ. ಎಷ್ಟೋ ಮಕ್ಕಳ ಒಂದು ಅಕ್ಷರ ಬದಲಾಗಿತ್ತು. 11 ಅಪರೂಪದವರಲ್ಲಿ ಉಳಿದವರು ನಾಲ್ಕೇ ಜನ! ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಎತ್ತರದ ಹಾಗೆ ಸ್ವಭಾವದಲ್ಲೂ ಹೆಚ್ಚಿನವರು ನಡುವೆ ಇರುತ್ತಾರೆ. ನಡುವೆ ಗೆರೆ ಎಳೆದರೆ 49 ಬಂದವನು ಒಂದು ಕಡೆ, 51 ಬಂದವನು ಇನ್ನೊಂದು ಕಡೆ. ಹಾಗಾಗಿ ಈಗ ನಾನು ಬಿಗ್ ಫೈವ್ ಎಂಬ ಇನ್ನೊಂದು ಬಗೆಯ ಸ್ವಭಾವದ ಅಳತೆಯ ಕಡೆ ವಾಲಿದ್ದೇನೆ. ಅಲ್ಲಿ ಪೆಟ್ಟಿಗೆಗಳಿಲ್ಲ. ಐದು ಗುಣ, ಒಂದೊಂದೂ ಎಷ್ಟೆಷ್ಟು ಎಂಬ ಅಳತೆ. 120 ಪ್ರಶ್ನೆಗಳ ಟೆಸ್ಟ್ ಇಂಟರ್‌ನೆಟ್‌ನಲ್ಲಿ ಬಿಟ್ಟಿ ಸಿಗುತ್ತದೆ, ಪ್ರಶ್ನೆಗಳ ಮೇಲೆ ಯಾರ ಹಕ್ಕೂ ಇಲ್ಲ. ಹಾಗಂತ ಅದೂ ಪೂರ್ತಿ ನಿಷ್ಪಕ್ಷಪಾತ ಅಲ್ಲ. ಐದರಲ್ಲಿ ಒಂದರ ಹೆಸರು ನ್ಯೂರಾಟಿಸಿಸಂ. ಕೇಳಿದರೆ ಯಾವುದೋ ಕಾಯಿಲೆ ಅನ್ನಿಸುತ್ತದೆ. "ಮನಸ್ಸು ಬೇಗ ಕಲಕುತ್ತದೆ" ಎಂದು ಕ್ಲಾಸಿನಲ್ಲಿ ಹೇಳಿದೆ, ಯಾರೂ ಬೆಚ್ಚಲಿಲ್ಲ. ಹೀಗೆ ಮನೆ ಮಾತಿಗೆ ತಂದು ನೋಡುವುದೂ ಒಂದು ಜರಡಿ. ಕನ್ನಡಕ್ಕೆ ಇಳಿಸುವಾಗ ಎಷ್ಟೋ ಘನವಾದ ವಾಕ್ಯಗಳಲ್ಲಿ ಹೇಳೋಕೆ ಏನೂ ಉಳಿಯಲಿಲ್ಲ.

ಐಎಸ್‌ಎಫ್‌ಜೆ ಹುಡುಗಿಗೆ ಉಳಿದ ಸಾಲುಗಳನ್ನು ಸೇರಿಸಿ ಅರ್ಧ ಪುಟ ಬರೆದು ಕೊಟ್ಟೆ. ಆಕೆ ಎರಡು ಸಲ ಓದಿದಳು. ಐದಕ್ಕೆ ಮೂರು ಅಂಕ ಹಾಕಿದಳು.

"ಎರಡು ಸಾಲು ತಪ್ಪದಾವ್ರಿ ಮೇಡಮ್. ನಾ ಹಂಗ್ ಇಲ್ಲ."

ಆ ಎರಡನ್ನೂ ಅವಳ ಕೈಯಿಂದಲೇ ಹೊಡೆಸಿದೆ.