ಬೆಳೆಯುವ ಮಕ್ಕಳೊಂದಿಗೆ ಡಿಸ್ನಿ ವರ್ಲ್ಡ್: ಪ್ರವಾಸವನ್ನು ಯೋಜಿಸುವುದು ಹೇಗೆ?

ಅಮೆರಿಕದ ಫ್ಲಾರಿಡಾ ರಾಜ್ಯದ ಒರ್ಲ್ಯಾಂಡೊ ನಗರದ ಬಳಿ 1971ರ ಅಕ್ಟೋಬರ್ 1ರಂದು ಆರಂಭವಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಮಕ್ಕಳನ್ನು ಒಮ್ಮೆ ಕರೆದೊಯ್ಯಬೇಕೆಂಬ ಆಸೆ ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಇದೆ, ಮಗನ ಅಥವಾ ಮಗಳ ಮನೆಗೆಂದು ಇಲ್ಲಿಂದ ಹೊರಡುವ ಅಜ್ಜ ಅಜ್ಜಿಯರಿಗೂ ಇದೆ. ವಿಮಾನ, ಹೋಟೆಲ್, ಪ್ರವೇಶದ ಟಿಕೆಟ್ ಎಲ್ಲವನ್ನೂ ಐದಾರು ತಿಂಗಳು ಮೊದಲೇ ಕಾಯ್ದಿರಿಸುವುದು ವಾಡಿಕೆ. ಆದರೆ ಎರಡು, ಮೂರು, ನಾಲ್ಕು ವರ್ಷದ ಮಗುವಿನ ಪಾಲಿಗೆ ಐದಾರು ತಿಂಗಳು ಬಹಳ ದೀರ್ಘ ಕಾಲ. ಅಷ್ಟರೊಳಗೆ ಅದರ ಎತ್ತರ ಬದಲಾಗುತ್ತದೆ, ಶೂ ಚಿಕ್ಕದಾಗುತ್ತದೆ, ಮಧ್ಯಾಹ್ನದ ನಿದ್ದೆಯ ಹೊತ್ತು ಸರಿಯುತ್ತದೆ, ಹಿಂದೆ ಇಲ್ಲದ ಹೆದರಿಕೆಗಳು ಹುಟ್ಟುತ್ತವೆ. ಟಿಕೆಟ್ ಕೊಳ್ಳುವ ದಿನ ನಮ್ಮೆದುರು ಇರುವ ಮಗುವನ್ನಲ್ಲ, ಗೇಟು ದಾಟುವ ದಿನ ನಮ್ಮ ಕೈ ಹಿಡಿದಿರುವ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಜಿಸಿದರೆ ಈ ಪ್ರವಾಸದ ಮುಕ್ಕಾಲು ಪಾಲು ತೊಂದರೆಗಳು ತಾವಾಗಿಯೇ ತಪ್ಪುತ್ತವೆ.

ಮೊದಲು ಹುಟ್ಟಿದ ದಿನಾಂಕ ನೋಡಿ

ಬಿಡದಿಯ ವಂಡರ್‌ಲಾದಲ್ಲಿ ಮಕ್ಕಳ ಟಿಕೆಟನ್ನು ಎತ್ತರ ನೋಡಿ ನಿರ್ಧರಿಸುತ್ತಾರೆ. ಡಿಸ್ನಿ ವರ್ಲ್ಡ್‌ನಲ್ಲಿ ಟಿಕೆಟಿಗೆ ವಯಸ್ಸು, ರೈಡ್‌ಗಳಿಗೆ ಎತ್ತರ ಎಂದು ಎರಡು ಬೇರೆ ಬೇರೆ ಲೆಕ್ಕಗಳಿವೆ. ಮೂರು ವರ್ಷ ತುಂಬದ ಮಗುವಿಗೆ ಟಿಕೆಟ್ ಬೇಕಿಲ್ಲ. 3ರಿಂದ 9 ವರ್ಷದವರೆಗೆ ಮಕ್ಕಳ ಟಿಕೆಟ್, 10 ತುಂಬಿದ ಮೇಲೆ ದೊಡ್ಡವರ ಟಿಕೆಟ್. ಮಕ್ಕಳ ಟಿಕೆಟ್ ದೊಡ್ಡವರದಕ್ಕಿಂತ ಹೇಳಿಕೊಳ್ಳುವಷ್ಟು ಅಗ್ಗವೇನಲ್ಲವಾದ್ದರಿಂದ, ಮೂರನೆಯ ಹುಟ್ಟುಹಬ್ಬ ಪ್ರವಾಸಕ್ಕೆ ಮೊದಲು ಬರುತ್ತದೆಯೋ ಆಮೇಲೆ ಬರುತ್ತದೆಯೋ ಎಂಬುದರ ಮೇಲೆ ಖರ್ಚಿನಲ್ಲಿ ದೊಡ್ಡ ವ್ಯತ್ಯಾಸವೇ ಆಗುತ್ತದೆ. ವಿಮಾನದ ವಿಷಯದಲ್ಲಿ ಗಡಿ ಎರಡು ವರ್ಷ: ತೊಡೆಯ ಮೇಲೆ ಕೂರಿಸಿಕೊಂಡು ಹೋದ ಮಗುವಿಗೆ ಪ್ರವಾಸದ ನಡುವೆ ಎರಡು ವರ್ಷ ತುಂಬಿದರೆ ಹಿಂದಿರುಗುವಾಗ ಅದಕ್ಕೆ ಪ್ರತ್ಯೇಕ ಆಸನ ಬೇಕಾಗುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಣ ಉಳಿಯುತ್ತದೆಂಬ ಒಂದೇ ಕಾರಣಕ್ಕೆ ಪ್ರವಾಸವನ್ನು ಅವಸರದಲ್ಲಿ ಮೂರನೆಯ ಹುಟ್ಟುಹಬ್ಬದ ಮುಂಚೆಗೆ ತಳ್ಳಬೇಕೆಂದು ನಾನು ಹೇಳಲಾರೆ. ಹಗಲು ನಿದ್ದೆ, ಡೈಪರ್, ಹಾಲಿನ ಬಾಟಲಿ ಎಲ್ಲವೂ ಇನ್ನೂ ಇರುವ ಮಗುವಿಗಿಂತ ನಾಲ್ಕರ ಆಸುಪಾಸಿನ ಮಗು ಆ ಸ್ಥಳವನ್ನು ಹೆಚ್ಚು ಅನುಭವಿಸುತ್ತದೆ, ತಾಯಿ ತಂದೆಯರಿಗೂ ಸ್ವಲ್ಪ ಉಸಿರಾಡಲು ಬಿಡುತ್ತದೆ.

ಇಲ್ಲಿಂದ ಹೋಗುವವರು ತಿಂಗಳನ್ನೂ ಯೋಚಿಸಬೇಕು. ನಮ್ಮ ಬೇಸಿಗೆ ರಜೆಯೊಳಗೇ ಆರಿಸುವುದಾದರೆ, ಈಸ್ಟರ್ ಸುತ್ತಮುತ್ತ ಅಲ್ಲಿ ಜನಸಂದಣಿ ಹೆಚ್ಚಾಗಿರುವುದರಿಂದ, ಈಸ್ಟರ್ ಕಳೆದು ಮೇ ತಿಂಗಳ ಮೊದಲ ಮೂರು ವಾರಗಳು ಚಿಕ್ಕ ಮಕ್ಕಳಿಗೆ ಹೆಚ್ಚು ಅನುಕೂಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೆಕೆ ವಿಪರೀತ, ಮಧ್ಯಾಹ್ನದ ಮೇಲೆ ಗುಡುಗು ಸಹಿತ ಮಳೆ ಸಾಮಾನ್ಯ.

ಎತ್ತರವನ್ನು ಅಳೆಯುವ ಕ್ರಮ

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಇದಕ್ಕೆ. ಡಿಸ್ನಿ ವರ್ಲ್ಡ್‌ನ ನಾಲ್ಕು ಪಾರ್ಕ್‌ಗಳಲ್ಲಿ, ಅಂದರೆ ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್ ಮತ್ತು ಅನಿಮಲ್ ಕಿಂಗ್‌ಡಮ್‌ಗಳಲ್ಲಿ, ವೇಗದ ರೈಡ್‌ಗಳಿಗೆಲ್ಲ ಕನಿಷ್ಠ ಎತ್ತರ ನಿಗದಿಯಾಗಿದೆ. ಮುಖ್ಯವಾದ ಕೆಲವನ್ನು ಹೇಳುವುದಾದರೆ, ಮಕ್ಕಳ ಪುಟ್ಟ ರೋಲರ್ ಕೋಸ್ಟರ್ ಆದ ಬಾರ್ನ್‌ಸ್ಟಾರ್ಮರ್‌ಗೆ 35 ಇಂಚು (89 ಸೆಂ.ಮೀ.), ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್ ಮತ್ತು ಸ್ಲಿಂಕಿ ಡಾಗ್ ಡ್ಯಾಷ್‌ಗೆ 38 ಇಂಚು (97 ಸೆಂ.ಮೀ.), ಸೋರಿನ್ ಮತ್ತು ಟಿಯಾನಾಸ್ ಬಾಯೂ ಅಡ್ವೆಂಚರ್‌ಗೆ 40 ಇಂಚು (102 ಸೆಂ.ಮೀ.), ಸ್ಪೇಸ್ ಮೌಂಟನ್ ಮತ್ತು ಎಕ್ಸ್‌ಪೆಡಿಷನ್ ಎವರೆಸ್ಟ್‌ಗೆ 44 ಇಂಚು (112 ಸೆಂ.ಮೀ.), ಟ್ರಾನ್ ಲೈಟ್‌ಸೈಕಲ್ ರನ್‌ಗೆ 48 ಇಂಚು (122 ಸೆಂ.ಮೀ.) ಇರಬೇಕು. ನವೀಕರಣದ ನಂತರ ಈ ಅಳತೆಗಳು ಕೆಲವೊಮ್ಮೆ ಬದಲಾಗುವುದರಿಂದ ಹೊರಡುವ ವಾರ ಡಿಸ್ನಿಯ ಅಧಿಕೃತ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿಕೊಳ್ಳಬೇಕು.

ಈಗ ಇದನ್ನು ಮಗುವಿನ ಬೆಳವಣಿಗೆಯ ಪಕ್ಕದಲ್ಲಿಟ್ಟು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯ ಪ್ರಕಾರ ಮೂರು ವರ್ಷದ ಮಕ್ಕಳ ಮಧ್ಯಮ ಎತ್ತರ ಸುಮಾರು 95ರಿಂದ 96 ಸೆಂ.ಮೀ., ನಾಲ್ಕು ವರ್ಷಕ್ಕೆ ಸುಮಾರು 103, ಐದಕ್ಕೆ ಸುಮಾರು 110. ಅಂದರೆ ಮೂರರಿಂದ ನಾಲ್ಕರವರೆಗಿನ ಒಂದೇ ವರ್ಷದಲ್ಲಿ ಮಗು 97 ಮತ್ತು 102 ಎಂಬ ಎರಡೂ ಗಡಿಗಳನ್ನು ದಾಟುವ ಸಾಧ್ಯತೆಯಿದೆ. ಇದು ಮಧ್ಯಮ ಅಳತೆ ಮಾತ್ರ ಎಂಬುದನ್ನು ಮರೆಯಬಾರದು. ಸುಮಾರು ಅರ್ಧದಷ್ಟು ಮಕ್ಕಳು ಇದಕ್ಕಿಂತ ಗಿಡ್ಡವಾಗಿರುತ್ತಾರೆ, ಅದರಲ್ಲಿ ಚಿಂತಿಸುವಂಥದ್ದು ಏನೂ ಇಲ್ಲ.

ಅಳೆಯುವಾಗ ಮಗುವಿನ ಶೂ ಬಿಚ್ಚಿಸಿ, ಹಿಮ್ಮಡಿ, ಬೆನ್ನು ಮತ್ತು ತಲೆಯ ಹಿಂಭಾಗ ಗೋಡೆಗೆ ತಾಗುವಂತೆ ನಿಲ್ಲಿಸಿ, ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಅಡ್ಡವಾಗಿ ಇಟ್ಟು ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ, ಆಮೇಲೆ ನೆಲದಿಂದ ಆ ಗುರುತಿನವರೆಗೆ ಟೇಪು ಹಿಡಿಯಬೇಕು. ತಿಂಗಳಿಗೊಮ್ಮೆ, ಪ್ರತಿಸಲವೂ ಒಂದೇ ಹೊತ್ತಿನಲ್ಲಿ ಅಳೆಯುವುದು ಒಳ್ಳೆಯದು. ಹೊತ್ತಿನ ಮಾತು ಏಕೆಂದರೆ, ಹಗಲಿಡೀ ನಿಂತು ಓಡಾಡಿದಾಗ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಅದುಮಿ, ಸಂಜೆಯ ಎತ್ತರ ಬೆಳಗಿನದಕ್ಕಿಂತ ತುಸು ಕಡಿಮೆಯಾಗುತ್ತದೆ. ಗಡಿಯಂಚಿನಲ್ಲಿರುವ ಮಗು ಬೆಳಿಗ್ಗೆ ಪಾಸಾಗಿ ಸಂಜೆ ಅದೇ ರೈಡಿನ ಬಾಗಿಲ ಅಳತೆಗೋಲಿನೆದುರು ನಿರಾಶೆಗೊಳ್ಳಬಹುದು. ಆದ್ದರಿಂದ ಸಂಜೆಯ ಅಳತೆಯನ್ನೇ ನಂಬಿ, ಅಂಚಿನಲ್ಲಿರುವ ರೈಡ್‌ಗಳಿಗೆ ಬೆಳಿಗ್ಗೆಯೇ ಹೋಗಿ.

ಈ ವಯಸ್ಸಿನಲ್ಲಿ ಮಕ್ಕಳು ತಿಂಗಳಿಗೆ ಸರಾಸರಿ ಅರ್ಧ ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು ಬೆಳೆಯುತ್ತಾರೆ. ಅದೂ ಸಮನಾಗಿ ಬೆಳೆಯುವುದಿಲ್ಲ. ಕೆಲವು ವಾರ ಸುಮ್ಮನಿದ್ದು ಆಮೇಲೆ ಒಮ್ಮೆಲೇ ಚಿಗುರುತ್ತಾರೆ. ಹಾಗಾಗಿ ಲೆಕ್ಕ ಹಾಕಿದಾಗ ಗಡಿಗಿಂತ ಎರಡು ಸೆಂಟಿಮೀಟರ್‌ನ ಒಳಗೆ ಬರುವ ಯಾವ ರೈಡನ್ನೂ ಮಗುವಿಗೆ ಮುಂಚಿತವಾಗಿ ಮಾತು ಕೊಡಬೇಡಿ. ಮಾತು ಕೊಟ್ಟು, ಪ್ರವೇಶದ್ವಾರದ ಅಳತೆಗೋಲಿನ ಮುಂದೆ ಮಗು ಅಳುತ್ತಾ ನಿಲ್ಲುವುದನ್ನು ನೋಡುವ ಸಂಕಟ ಯಾರಿಗೂ ಬೇಡ. ಶೂ ಒಳಗೆ ಬಟ್ಟೆ ತುಂಬಿ ಎತ್ತರ ಹೆಚ್ಚಿಸುವ ಸಲಹೆಗಳು ಅಲ್ಲಲ್ಲಿ ಕೇಳಿಬರುತ್ತವೆ. ಅದನ್ನು ಖಂಡಿತ ಮಾಡಬಾರದು. ಸೀಟಿನ ಮೇಲೆ ಬಂದು ಹಿಡಿಯುವ ಕಂಬಿ ಇಂತಿಷ್ಟು ಗಾತ್ರದ ದೇಹವನ್ನು ಭದ್ರವಾಗಿ ಹಿಡಿಯುವಂತೆ ರೂಪಿಸಲ್ಪಟ್ಟಿರುತ್ತದೆ, ಎತ್ತರದ ನಿಯಮ ಇರುವುದು ಆ ಕಾರಣಕ್ಕೆ.

ಎತ್ತರ ಸಾಕಷ್ಟಿದ್ದರೂ ಧೈರ್ಯ ಇನ್ನೂ ಬಂದಿರದಿರಬಹುದು. ಕತ್ತಲೆ, ಜೋರಾದ ಸದ್ದು, ದೊಡ್ಡ ತಲೆಯ ವೇಷಧಾರಿಗಳು ಮೂರು ನಾಲ್ಕರ ಮಕ್ಕಳನ್ನು ನಿಜವಾಗಿಯೂ ಹೆದರಿಸುತ್ತವೆ. ಬೇಡವೆಂದ ಮಗುವನ್ನು ‘ಇಷ್ಟು ದೂರ ಬಂದಿದ್ದೇವಲ್ಲ’ ಎಂದು ಒತ್ತಾಯಿಸಿ ಕೂರಿಸುವುದಕ್ಕಿಂತ ಆ ರೈಡನ್ನು ಬಿಟ್ಟುಬಿಡುವುದೇ ಸರಿ.

ಅಳತೆಗೆ ತಕ್ಕಂತೆ ದಿನಗಳನ್ನು ಹಂಚುವುದು

97 ಸೆಂಟಿಮೀಟರ್ ತಲುಪದ ಮಗುವಿದ್ದರೆ ಹೆಚ್ಚು ದಿನಗಳನ್ನು ಮ್ಯಾಜಿಕ್ ಕಿಂಗ್‌ಡಮ್‌ಗೆ ಕೊಡಿ. ಡಂಬೊ, ಪೀಟರ್ ಪ್ಯಾನ್ಸ್ ಫ್ಲೈಟ್, ಇಟ್ಸ್ ಎ ಸ್ಮಾಲ್ ವರ್ಲ್ಡ್, 1917ರಲ್ಲಿ ತಯಾರಾದ ಕುದುರೆಗಳ ಸುತ್ತುಬಂಡಿ, ಇವು ಯಾವುದಕ್ಕೂ ಎತ್ತರದ ನಿರ್ಬಂಧವಿಲ್ಲ, ಅಜ್ಜಿಯ ಮಡಿಲ ಪಕ್ಕದಲ್ಲೇ ಕುಳಿತು ಹೋಗಬಹುದು. ಅನಿಮಲ್ ಕಿಂಗ್‌ಡಮ್‌ನಲ್ಲಿ ತೆರೆದ ವಾಹನದಲ್ಲಿ ಜಿರಾಫೆ, ಆನೆ, ಸಿಂಹಗಳನ್ನು ತೋರಿಸುವ ಕಿಲಿಮಂಜಾರೊ ಸಫಾರಿಯಂತೂ ಎರಡು ವರ್ಷದ ಮಗುವಿನಿಂದ ಎಪ್ಪತ್ತರ ಅಜ್ಜನವರೆಗೆ ಎಲ್ಲರಿಗೂ ಹೊಂದುತ್ತದೆ. ಹಾಲಿವುಡ್ ಸ್ಟುಡಿಯೋಸ್‌ನ ಹೆಸರಾಂತ ರೈಡ್‌ಗಳು ಬಹುಪಾಲು 38 ಇಂಚಿನ ಮೇಲಿನವು. ಮಗು 102 ಸೆಂಟಿಮೀಟರ್ ದಾಟಿದ ಮೇಲೆ ಅಲ್ಲಿಗೆ ಪೂರ್ತಿ ಒಂದು ದಿನ ಇಡುವುದು ಸಾರ್ಥಕ.

ಮನೆಯಲ್ಲಿ ಇಬ್ಬರು ಮಕ್ಕಳಿದ್ದು ಒಬ್ಬನಿಗೆ ಎತ್ತರ ಸಾಕು, ಇನ್ನೊಬ್ಬಳಿಗೆ ಸಾಲದು ಎನ್ನುವಂತಿದ್ದರೆ ರೈಡರ್ ಸ್ವಿಚ್ ಎಂಬ ವ್ಯವಸ್ಥೆಯನ್ನು ಕೇಳಿ ಪಡೆಯಿರಿ. ಅಪ್ಪ ದೊಡ್ಡ ಮಗುವಿನೊಂದಿಗೆ ಹೋಗಿ ಬರುವವರೆಗೆ ಅಮ್ಮ ಚಿಕ್ಕದನ್ನು ನೋಡಿಕೊಳ್ಳುತ್ತಾಳೆ; ಆಮೇಲೆ ಅಮ್ಮ ಇಡೀ ಸಾಲನ್ನು ಮತ್ತೆ ನಿಲ್ಲದೆ ಒಳಗೆ ಹೋಗುತ್ತಾಳೆ, ದೊಡ್ಡ ಮಗು ಅವಳ ಜೊತೆ ಎರಡನೆಯ ಸಲವೂ ಹೋಗಬಹುದು. ರೈಡಿನ ಬಾಗಿಲಲ್ಲಿರುವ ಸಿಬ್ಬಂದಿಗೆ ಸಾಲು ಸೇರುವ ಮೊದಲೇ ಹೇಳಬೇಕು, ಇದಕ್ಕೆ ಹಣವಿಲ್ಲ.

ಸಾಲು ತಪ್ಪಿಸಲು ಹಣ ಕೊಟ್ಟು ಕೊಳ್ಳುವ ಲೈಟ್ನಿಂಗ್ ಲೇನ್ ಬೇರೆಯ ಮಾತು. ಡಿಸ್ನಿಯ ಹೋಟೆಲ್‌ಗಳಲ್ಲಿ ತಂಗುವವರು ಅದನ್ನು 7 ದಿನ ಮೊದಲು, ಉಳಿದವರು 3 ದಿನ ಮೊದಲು ಕೊಳ್ಳಬಹುದು. ಇದೇ ಕಾರಣಕ್ಕೆ ಕೊನೆಯ ಅಳತೆಯನ್ನು ಕೊಳ್ಳುವ ದಿನವೇ ತೆಗೆದುಕೊಳ್ಳಿ. ಎತ್ತರ ಸಾಲದ ಮಗುವಿಗೆ ದೊಡ್ಡ ರೈಡಿನ ಪಾಸು ಕೊಂಡರೆ ಆ ಹಣ ನೀರಿಗೆ ಹಾಕಿದಂತೆ.

ಶೂ, ಬಟ್ಟೆ, ತಳ್ಳುಗಾಡಿ

ಡಿಸ್ನಿ ವರ್ಲ್ಡ್‌ನಲ್ಲಿ ದಿನಕ್ಕೆ ಹಲವು ಕಿಲೋಮೀಟರ್ ನಡೆಯಬೇಕು. ಪುಟ್ಟ ಮಕ್ಕಳ ಪಾದ ಮೂರು ನಾಲ್ಕು ತಿಂಗಳಲ್ಲೇ ಶೂ ಮೀರಿ ಬೆಳೆಯುವುದರಿಂದ ಪ್ರವಾಸಕ್ಕೆಂದು ಬಹಳ ಮುಂಚೆ ಶೂ ಕೊಳ್ಳಬೇಡಿ, ಹಿಂದಿನ ದಿನವೂ ಕೊಳ್ಳಬೇಡಿ. ಹೊರಡುವ ಮೂರು ವಾರ ಮೊದಲು, ಮಗು ನಿಂತಾಗ ಉದ್ದನೆಯ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಉಳಿಯುವಂಥ ಶೂ ಕೊಂಡು, ದಿನವೂ ಹಾಕಿಸಿ ಓಡಾಡಿಸಿದರೆ ಅಲ್ಲಿ ಬೊಕ್ಕೆ ಏಳುವುದಿಲ್ಲ. ರಾಜಕುಮಾರಿಯ ಉಡುಪನ್ನು ಊರಲ್ಲೇ ಕೊಂಡೊಯ್ಯುವುದು ಅಗ್ಗ. ಆದರೆ ಅದನ್ನೂ ಒಂದು ಅಳತೆ ದೊಡ್ಡದಾಗಿ ತೆಗೆದುಕೊಳ್ಳಿ, ಒಳಗೆ ತೊಡಿಸಲು ಮೆತ್ತನೆಯ ಹತ್ತಿಯ ಬನಿಯನ್ ಇರಲಿ, ಏಕೆಂದರೆ ಆ ಮಿಂಚುಬಟ್ಟೆ ಸೆಕೆಯಲ್ಲಿ ಚುಚ್ಚುತ್ತದೆ.

ಮಗು ಮನೆಯಲ್ಲಿ ತಳ್ಳುಗಾಡಿಯನ್ನು ಬಿಟ್ಟು ವರ್ಷವಾಗಿದ್ದರೂ ಅಲ್ಲಿಗೆ ಬೇಕು. ಐದು ವರ್ಷದ ಮಗುವಿಗೂ ಮಧ್ಯಾಹ್ನದ ಹೊತ್ತಿಗೆ ಕಾಲು ಸೋಲುತ್ತದೆ. ಅಗಲ 31 ಇಂಚು, ಉದ್ದ 52 ಇಂಚು ಮೀರಿದ ಸ್ಟ್ರಾಲರ್‌ಗಳನ್ನೂ, ಎಳೆಯುವ ವ್ಯಾಗನ್‌ಗಳನ್ನೂ ಒಳಗೆ ಬಿಡುವುದಿಲ್ಲ. ಒಳಗೆ ಬಾಡಿಗೆಗೆ ಸಿಗುವ ಗಾಡಿಗಳು ಗಟ್ಟಿ ಪ್ಲಾಸ್ಟಿಕ್‌ನವು, ಅವುಗಳಲ್ಲಿ ಮಗು ಒರಗಿ ಮಲಗಲಾಗದು, ಪಾರ್ಕಿನ ಹೊರಗೂ ತರುವಂತಿಲ್ಲ. ಸುಲಭವಾಗಿ ಮಡಚುವ ನಿಮ್ಮದೇ ಗಾಡಿ ಒಯ್ಯುವುದು ಉತ್ತಮ.

ನಿದ್ದೆ, ಊಟ, ಜನಸಂದಣಿ

ಒರ್ಲ್ಯಾಂಡೊ ಬೇಸಿಗೆಯಲ್ಲಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದಿರುತ್ತದೆ. ಭಾರತದಿಂದ ಬಂದಿಳಿದ ಮಗು ಮೊದಲ ಕೆಲವು ದಿನ ನಡುರಾತ್ರಿ ಎದ್ದು ಕೂರುತ್ತದೆ, ಮಧ್ಯಾಹ್ನವೇ ತೂಕಡಿಸುತ್ತದೆ. ಬಂದ ಮರುದಿನವೇ ದುಬಾರಿ ಟಿಕೆಟ್ ಬಳಸದೆ ಎರಡು ದಿನ ಈಜುಕೊಳದ ಪಕ್ಕದಲ್ಲಿ ಕಳೆಯಿರಿ. ಆ ಬೇಗನೆಯ ಎಚ್ಚರವನ್ನು ಆಮೇಲೆ ಅನುಕೂಲಕ್ಕೆ ತಿರುಗಿಸಿಕೊಳ್ಳಬಹುದು: ಡಿಸ್ನಿಯ ಹೋಟೆಲ್‌ಗಳಲ್ಲಿ ಇಳಿದವರಿಗೆ ಪಾರ್ಕ್‌ಗಳು ಅರ್ಧ ಗಂಟೆ ಮೊದಲೇ ತೆರೆಯುತ್ತವೆ, ಆ ಹೊತ್ತಿನ ತಂಪೂ ಚಿಕ್ಕ ಸಾಲುಗಳೂ ಮಕ್ಕಳಿಗೆ ಹೇಳಿಮಾಡಿಸಿದಂತಿವೆ. ಹನ್ನೆರಡರ ಸುಮಾರಿಗೆ ಹೋಟೆಲ್‌ಗೆ ಹಿಂದಿರುಗಿ ಮಲಗಿಸಿ, ಬಿಸಿಲು ಇಳಿದ ಮೇಲೆ ಮತ್ತೆ ಬನ್ನಿ. ಅದೇ ದಿನ ಅದೇ ಪಾರ್ಕಿಗೆ ಮತ್ತೆ ಪ್ರವೇಶವಿದೆ.

ಹೊರಗಿನ ತಿಂಡಿ ಒಯ್ಯಲು ಅನುಮತಿ ಇರುವುದು ಸಸ್ಯಾಹಾರಿ ಕುಟುಂಬಗಳಿಗೆ ದೊಡ್ಡ ನೆಮ್ಮದಿ. ಚಪಾತಿ, ಒಗ್ಗರಣೆ ಅವಲಕ್ಕಿ, ಚಿತ್ರಾನ್ನ ಡಬ್ಬಿಯಲ್ಲಿರಲಿ. ಗಾಜಿನ ಪಾತ್ರೆಗಳಿಗೆ ಅವಕಾಶವಿಲ್ಲ, ಶಿಶು ಆಹಾರದ ಸಣ್ಣ ಸೀಸೆಗಳಿಗೆ ಮಾತ್ರ ವಿನಾಯಿತಿ. ಕೌಂಟರಿನಲ್ಲಿ ಊಟ ಕೊಡುವ ಹೋಟೆಲ್‌ಗಳಲ್ಲಿ ಕೇಳಿದರೆ ಐಸ್ ಹಾಕಿದ ಕುಡಿಯುವ ನೀರನ್ನು ಹಣವಿಲ್ಲದೆ ಕೊಡುತ್ತಾರೆ, ಬಾಟಲಿ ಕೊಳ್ಳುವ ಅಗತ್ಯವಿಲ್ಲ. ಪ್ರತಿ ಪಾರ್ಕಿನಲ್ಲೂ ಬೇಬಿ ಕೇರ್ ಸೆಂಟರ್ ಇದ್ದು ಹಾಲೂಡಿಸಲು, ಡೈಪರ್ ಬದಲಿಸಲು, ಊಟ ಬಿಸಿಮಾಡಲು ಶಾಂತವಾದ ಜಾಗ ಸಿಗುತ್ತದೆ. ತಪ್ಪಿಸಿಕೊಂಡ ಮಕ್ಕಳನ್ನೂ ಅಲ್ಲಿಗೇ ಕರೆತರುತ್ತಾರೆ. ಒಳಗೆ ಬಂದ ಕೂಡಲೇ ಆ ಜಾಗವನ್ನು ಎಲ್ಲರೂ ನೋಡಿಕೊಳ್ಳಿ, ಅಮೆರಿಕದ ಫೋನ್ ಸಂಖ್ಯೆಯನ್ನು ಮಗುವಿನ ಮುಂಗೈ ಮೇಲೆ ಅಳಿಯದ ಪೆನ್ನಿನಲ್ಲಿ ಬರೆಯಿರಿ, ಎದೆಯ ಮೇಲೆ ಹೆಸರಿನ ಬಿಲ್ಲೆ ಧರಿಸಿದ ಸಿಬ್ಬಂದಿಯನ್ನು ತೋರಿಸಿ ‘ನಾವು ಕಾಣದಿದ್ದರೆ ಇವರ ಹತ್ತಿರ ಹೋಗು’ ಎಂದು ಮಗುವಿಗೆ ಹೇಳಿಕೊಡಿ.

ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ರಾತ್ರಿಯ ಬಾಣಬಿರುಸು ನೋಡಬೇಕೆಂದಿದ್ದರೆ ಸದ್ದಿಗೆ ಬೆಚ್ಚುವ ಮಗುವಿಗೆ ಕಿವಿ ಮುಚ್ಚುವ ಮಕ್ಕಳ ಹೆಡ್‌ಫೋನ್ ಇಟ್ಟುಕೊಂಡು, ಕೋಟೆಯ ಎದುರಿನ ಗುಂಪಿನಲ್ಲಿ ಸಿಕ್ಕಿಕೊಳ್ಳದೆ ದ್ವಾರದಿಂದ ಕೋಟೆಗೆ ಹೋಗುವ ಬೀದಿಯಾದ ಮೇನ್ ಸ್ಟ್ರೀಟಿನ ಹಿಂಭಾಗದಲ್ಲಿ, ದ್ವಾರದ ಹತ್ತಿರ ನಿಲ್ಲಿ. ಮುಗಿದ ಕೂಡಲೇ ಸಾವಿರಾರು ಜನ ಒಟ್ಟಿಗೆ ಹೊರಡುತ್ತಾರೆ. ಬಸ್ಸಿನಲ್ಲಿ ಗಾಡಿಯನ್ನು ಸಾಮಾನ್ಯವಾಗಿ ಮಡಚಬೇಕಾಗುವುದರಿಂದ, ಸಾಲು ಸೇರುವ ಮೊದಲೇ ಚೀಲಗಳನ್ನು ಬಿಡಿಸಿ ದೊಡ್ಡವರಲ್ಲಿ ಹಂಚಿಕೊಂಡು, ನಿದ್ದೆಹೋದ ಮಗುವನ್ನು ಒಬ್ಬರು ಹೆಗಲಿಗೆ ಹಾಕಿಕೊಳ್ಳಿ, ಇನ್ನೊಬ್ಬರು ಗಾಡಿ ಮಡಚಲಿ.